ನಿಂತ ಆಟದ ರೈಲಿಗೆ ಪೆನ್ನಿನ ಸ್ಪ್ರಿಂಗು, ಕಾರಿನ ಕಾರ್ಬನ್ನು

ಬ್ರಿಟನ್ನಿನಲ್ಲಿ ಹಳೆ ಮನೆಯೊಂದನ್ನು ಖಾಲಿ ಮಾಡುವಾಗ ಅಟ್ಟದ ಮೂಲೆಯಿಂದ ರಟ್ಟಿನ ಪೆಟ್ಟಿಗೆಯೊಂದು ಇಳಿದು ಬರುವುದು ಹೊಸತಲ್ಲ. ಬಿಚ್ಚಿ ನೋಡಿದರೆ ಗೇಣುದ್ದದ ರೈಲು ಎಂಜಿನು, ಮೂರು ನಾಲ್ಕು ಬೋಗಿ, ಬಣ್ಣಗೆಟ್ಟ ಹಳಿಯ ತುಂಡುಗಳು. ಅಪ್ಪನೋ ಅಜ್ಜನೋ ಚಿಕ್ಕಂದಿನಲ್ಲಿ ಆಡಿದ್ದು. ಹಳಿ ಜೋಡಿಸಿ, ಎಂಜಿನು ಇಟ್ಟು, ಕರೆಂಟು ಕೊಟ್ಟರೆ ಅದು ಒಮ್ಮೆ ಗುಂಯ್‌ಗುಟ್ಟಿ, ಒಂದು ಕಿಡಿ ಹಾರಿಸಿ ಅಲ್ಲೇ ನಿಲ್ಲುತ್ತದೆ. ಬಿಸಿ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ಮೋಟಾರು ಹೋಯಿತು ಎಂದು ಅದನ್ನು ಗಾಜಿನ ಕಪಾಟಿನಲ್ಲಿ ಗೊಂಬೆಯ ಹಾಗೆ ನಿಲ್ಲಿಸಿಬಿಡುವವರು ಬಹಳ.

ಆದರೆ ಹೆಚ್ಚಿನ ಸಲ ಹೋಗಿರುವುದು ಮೋಟಾರಲ್ಲ. ಅದರೊಳಗಿನ ಕಾಳುಮೆಣಸಿನ ಗಾತ್ರದ ಕಾರ್ಬನ್ ತುಂಡು, ಇಲ್ಲವೇ ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗು, ಅದೂ ಅಲ್ಲವಾದರೆ ಐವತ್ತು ವರ್ಷದ ಕೊಳೆ.

ಮಿಕ್ಸಿ ಕಾಯಿ ಕಡೆಯುತ್ತಾ ಕಡೆಯುತ್ತಾ ನಿಂತುಹೋದರೆ ಪೇಟೆಯ ರಿಪೇರಿ ಅಂಗಡಿಯವರು ಮುಚ್ಚಳ ತೆಗೆಯುವ ಮೊದಲೇ "ಕಾರ್ಬನ್ ಮುಗಿದಿರಬೇಕು ಅಕ್ಕಾ, ನಾಳೆ ಬನ್ನಿ" ಎನ್ನುತ್ತಾರಲ್ಲ, ಇದೂ ಅದೇ ಕಾಯಿಲೆ. ಮಿಕ್ಸಿಯ ಮೋಟಾರಿಗೂ ಆಟದ ರೈಲಿನ ಮೋಟಾರಿಗೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಸಂಬಂಧ. ಎರಡರಲ್ಲೂ ತಿರುಗುವ ಆರ್ಮೇಚರ್ ಇದೆ, ಅದರ ತುದಿಯಲ್ಲಿ ತಾಮ್ರದ ಕಮ್ಯುಟೇಟರ್ ಇದೆ, ಅದಕ್ಕೆ ಎರಡು ಕಡೆಯಿಂದ ಒತ್ತಿಕೊಂಡು ನಿಲ್ಲುವ ಕಾರ್ಬನ್ ಇದೆ. ಮಿಕ್ಸಿಯಲ್ಲಿ ಸುತ್ತಲಿನ ಕಾಂತಶಕ್ತಿಯನ್ನು ತಂತಿಯ ಸುರುಳಿ ಕೊಡುತ್ತದೆ. ಆಟದ ರೈಲಿನಲ್ಲಿ ಶಾಶ್ವತ ಅಯಸ್ಕಾಂತ, ಅಂದರೆ ಮ್ಯಾಗ್ನೆಟ್, ಕೊಡುತ್ತದೆ. ವ್ಯತ್ಯಾಸ ಇಷ್ಟೇ. ಇಷ್ಟೇ ಎಂದರೂ ಈ ಮ್ಯಾಗ್ನೆಟ್ಟಿನ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. ಅದನ್ನು ಮುಂದೆ ನೋಡೋಣ.

ಲಿವರ್‌ಪೂಲಿನಿಂದ ಮಾರ್ಗೇಟಿಗೆ

ಬ್ರಿಟನ್ನಿನ ಆಟದ ರೈಲಿನ ಕಥೆಯಲ್ಲಿ ದೊಡ್ಡ ಹೆಸರು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಅವರದು. ತೂತುಗಳಿರುವ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸಿ ಆಡುವ ಮೆಕ್ಯಾನೋ ಆಟಕ್ಕೆ 1901ರಲ್ಲಿ ಪೇಟೆಂಟ್ ಪಡೆದವರು ಇವರೇ. 1920ರಲ್ಲಿ ಕೀಲಿ ಕೊಟ್ಟರೆ ಓಡುವ ರೈಲು ತಂದರು. ಅವರು ತೀರಿಕೊಂಡ ಎರಡು ವರ್ಷಕ್ಕೆ, 1938ರಲ್ಲಿ, ಕಂಪೆನಿಯಿಂದ 'ಹಾರ್ನ್‌ಬಿ ಡಬ್ಲೋ' ಎಂಬ ಚಿಕ್ಕ ಗಾತ್ರದ ವಿದ್ಯುತ್ ರೈಲು ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಟ್ರೈ-ಆಂಗ್ ಎಂಬ ಪ್ರತಿಸ್ಪರ್ಧಿ ಹುಟ್ಟಿಕೊಂಡಿತು. 1954ರಿಂದ ಅದರ ಕಾರ್ಖಾನೆ ಕೆಂಟ್ ಪ್ರಾಂತ್ಯದ ಸಮುದ್ರ ತೀರದ ಊರು ಮಾರ್ಗೇಟಿನಲ್ಲಿತ್ತು. ಕೊನೆಗೆ 1964ರಲ್ಲಿ ಟ್ರೈ-ಆಂಗ್‌ನ ಮಾಲೀಕ ಕಂಪೆನಿಯೇ ಮೆಕ್ಯಾನೋವನ್ನು ಕೊಂಡುಕೊಂಡಿತು. ಲಿವರ್‌ಪೂಲಿನ ಬಿನ್ಸ್ ರಸ್ತೆಯ ಹಳೆ ಕಾರ್ಖಾನೆಗೆ 1979ರಲ್ಲಿ ಬೀಗ ಬಿತ್ತು. 1990ರ ದಶಕದಲ್ಲಿ ಹಾರ್ನ್‌ಬಿ ರೈಲುಗಳ ತಯಾರಿ ಚೀನಾಕ್ಕೆ ಹೊರಟುಹೋಯಿತು.

ಇಷ್ಟೆಲ್ಲ ಹೇಳಲು ಕಾರಣವಿದೆ. ಕಾರ್ಖಾನೆ ಮುಚ್ಚಿದಾಗ, ಮಾಲೀಕರು ಬದಲಾದಾಗ, ಬಿಡಿಭಾಗಗಳ ಪೂರೈಕೆಯೂ ಕಡಿಯುತ್ತದೆ. ಹೆಚ್ಚು ಮಾರಾಟವಾದ ಮೋಟಾರುಗಳಿಗೆ ಬ್ರಿಟನ್ನಿನ ಸಣ್ಣ ವ್ಯಾಪಾರಿಗಳು ಈಗಲೂ ಕಾರ್ಬನ್ನು, ಸ್ಪ್ರಿಂಗು ಮಾರುತ್ತಾರೆ. ಆದರೆ ಕಡಿಮೆ ತಯಾರಾದ ಎಂಜಿನುಗಳಿಗೆ ಏನೂ ಸಿಗುವುದಿಲ್ಲ. ಸಿಗುವ ಕಾಳುಮೆಣಸಿನಷ್ಟು ಕಾರ್ಬನ್ನಿಗೂ ಬೇರೆ ದೇಶದಲ್ಲಿರುವವರು ಅದರ ಬೆಲೆಗಿಂತ ಹೆಚ್ಚು ಅಂಚೆ ಖರ್ಚು ಕೊಡಬೇಕು. ಹಾಗಾಗಿ ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಮಾಡಿಕೊಳ್ಳುವ ವಿದ್ಯೆ ಈ ಹವ್ಯಾಸದ ಜೊತೆಯಲ್ಲೇ ಬೆಳೆದಿದೆ. ಭಾರತದಲ್ಲಿ ಈ ಹವ್ಯಾಸಿಗಳು ಕಡಿಮೆ. ಓಡುವ ಚಿಕ್ಕ ರೈಲುಗಳನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ಪುಣೆಯ ಕೋಥ್ರೂಡ್‌ನಲ್ಲಿ 1998ರಲ್ಲಿ ತೆರೆದ ಜೋಶಿ ಅವರ ಕಿರು ರೈಲು ಮ್ಯೂಸಿಯಂ ಇದೆ.

ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಗಾತ್ರದಲ್ಲಿ ನಿಜವಾದ ಎಂಜಿನಿನ 76ನೇ ಒಂದು ಪಾಲು ಇರುತ್ತದೆ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಓಡುವುದು 12 ವೋಲ್ಟ್ ಡಿಸಿ ಕರೆಂಟಿನಲ್ಲಿ. ಒಂದು ಹಳಿಯಿಂದ ಕರೆಂಟು ಚಕ್ರಕ್ಕೆ ಹತ್ತಿ, ಮೋಟಾರಿನೊಳಗೆ ಹೋಗಿ, ಇನ್ನೊಂದು ಬದಿಯ ಚಕ್ರದಿಂದ ಎರಡನೇ ಹಳಿಗೆ ಇಳಿಯುತ್ತದೆ.

ಬಿಚ್ಚುವ ಮೊದಲು

ಟ್ರೈ-ಆಂಗ್‌ನ 'ಎಕ್ಸ್ 04' ಎಂಬ ಮೋಟಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1950ರ ದಶಕದಿಂದ ದಶಕಗಳ ಕಾಲ ಲೆಕ್ಕವಿಲ್ಲದಷ್ಟು ಎಂಜಿನುಗಳಲ್ಲಿ ಕುಳಿತದ್ದು ಇದು. ಎಲ್ಲ ಭಾಗವೂ ಹೊರಗೇ ಕಾಣುವ ಹಾಗಿದೆ, ಪೆಟ್ಟಿಗೆಯೊಳಗೆ ಮುಚ್ಚಿಟ್ಟಿಲ್ಲ. ರಿಪೇರಿ ಕಲಿಯುವವರಿಗೆ ಇಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ ಎನ್ನಬಹುದು.

ಮೊದಲ ಪರೀಕ್ಷೆಗೆ ಸ್ಕ್ರೂಡ್ರೈವರೇ ಬೇಡ. 9 ವೋಲ್ಟಿನ ಚೌಕ ಬ್ಯಾಟರಿಯ ಎರಡು ತಂತಿಗಳನ್ನು ನೇರವಾಗಿ ಮೋಟಾರಿಗೆ ಮುಟ್ಟಿಸಬೇಕು. ಹೀಗೆ ಮಾಡಿದಾಗ ಓಡಿ, ಹಳಿಯ ಮೇಲೆ ಇಟ್ಟಾಗ ಓಡದಿದ್ದರೆ ಮೋಟಾರು ಸರಿಯಾಗಿದೆ ಎಂದರ್ಥ. ತಪ್ಪು ಚಕ್ರದ ಮೇಲಿನ ಕಪ್ಪು ಮಡ್ಡಿಯದ್ದು, ಇಲ್ಲವೇ ಚಕ್ರವನ್ನು ಸವರಿಕೊಂಡು ಕರೆಂಟು ಎತ್ತುವ ತಗಡಿನ ನಾಲಿಗೆಯದ್ದು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಕೆಲಸ ಮುಗಿಯಿತು. ಎಷ್ಟೋ ಒಳ್ಳೆಯ ಮೋಟಾರುಗಳು ಚಕ್ರದ ಕೊಳೆಗಾಗಿ ಬಿಚ್ಚಿಸಿಕೊಂಡು ಹಾಳಾಗಿವೆ.

ಬ್ಯಾಟರಿಗೂ ಜಗ್ಗದಿದ್ದರೆ ಆಗ ಕಮ್ಯುಟೇಟರ್ ನೋಡಬೇಕು. ಎಕ್ಸ್ 04ರಲ್ಲಿ ಇದು ತಾಮ್ರದ ಮೂರು ತುಣುಕುಗಳ ಪುಟ್ಟ ಉರುಳೆ. ತುಣುಕುಗಳ ನಡುವೆ ಕೂದಲೆಳೆಯಷ್ಟು ಸೀಳು. ಸವೆದ ಕಾರ್ಬನ್ನಿನ ಹುಡಿ ಎಣ್ಣೆಯೊಡನೆ ಸೇರಿ ಈ ಸೀಳುಗಳಲ್ಲಿ ಮೆತ್ತಿಕೊಳ್ಳುತ್ತದೆ. ಕಾರ್ಬನ್ ಕರೆಂಟು ಹರಿಸುವ ವಸ್ತುವಾದ್ದರಿಂದ ಸುರುಳಿಗೆ ಹೋಗಬೇಕಾದ ಕರೆಂಟು ಸೀಳನ್ನೇ ದಾಟಿ ಹೋಗುತ್ತದೆ. ಮೋಟಾರು ಬಿಸಿಯಾಗುತ್ತದೆ, ತಿರುಗುವುದಿಲ್ಲ. ಇದನ್ನು ತೆಗೆಯಲು ಚಾಕು, ಸೂಜಿ ಹಾಕಬಾರದು, ತಾಮ್ರ ಗೀರುತ್ತದೆ. ಚೂಪು ಮಾಡಿದ ಹಿಡಿಸೂಡಿ ಕಡ್ಡಿ ಸಾಕು. ಮರದ ಹಲ್ಲುಕಡ್ಡಿಯೂ ಆಗುತ್ತದೆ. ಆಮೇಲೆ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿದರೆ ಕಪ್ಪಗಿದ್ದ ತಾಮ್ರ ಹೊಳೆಯುತ್ತದೆ. ಒರಟು ಸ್ಯಾಂಡ್ ಪೇಪರ್ ಹಾಕಿ ಫಳಫಳ ಮಾಡಲು ಹೋದರೆ ಗೀರುಗಳೆಲ್ಲ ಹೊಸ ಕಾರ್ಬನ್ನನ್ನು ತುರಿಯುವ ಹಲ್ಲುಗಳಾಗುತ್ತವೆ.

ಕಾರ್ಬನ್ ಎಲ್ಲಿಂದ ತರುವುದು?

ಸವೆದ ಕಾರ್ಬನ್ನಿಗೆ ಬದಲಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮಿಕ್ಸಿಯದ್ದು. ಅದನ್ನು ಸಣ್ಣ ಗರಗಸದಲ್ಲಿ ಸೀಳಿ, ನುಣುಪು ಸ್ಯಾಂಡ್ ಪೇಪರಿನ ಮೇಲೆ ಉಜ್ಜಿ ಬೇಕಾದ ಆಕಾರಕ್ಕೆ ತರುವುದು ಅರ್ಧ ಗಂಟೆಯ ಕೆಲಸ. ಮೋಟಾರು ತಿರುಗುತ್ತದೆ ಕೂಡ. ಆದರೆ ಏನೋ ನಿಶ್ಶಕ್ತಿ. ಬೋಗಿ ಎಳೆಯುವುದಿಲ್ಲ.

ಕಾರಣ ಸರಳ. ಕಾರ್ಬನ್ನಿಗೂ ತಾಮ್ರಕ್ಕೂ ತಾಗುವ ಜಾಗದಲ್ಲಿ ಸ್ವಲ್ಪ ವೋಲ್ಟೇಜು ನಷ್ಟವಾಗುತ್ತದೆ. ಬರೇ ಕಾರ್ಬನ್ ಆದರೆ ಒಂದು ಕಡೆಗೆ ಸುಮಾರು ಒಂದು ವೋಲ್ಟ್, ಎರಡು ಕಡೆ ಸೇರಿ ಎರಡು. ಮನೆಯ 230 ವೋಲ್ಟಿನಲ್ಲಿ ಎರಡು ಹೋದರೆ ಮಿಕ್ಸಿಗೆ ಗೊತ್ತೂ ಆಗುವುದಿಲ್ಲ. 12 ವೋಲ್ಟಿನಲ್ಲಿ ಎರಡು ಹೋದರೆ ಆರನೇ ಒಂದು ಪಾಲೇ ಹೋದಂತೆ. ಅದಕ್ಕೇ ಕಡಿಮೆ ವೋಲ್ಟಿನ ಮೋಟಾರುಗಳ ಕಾರ್ಬನ್ನಿನಲ್ಲಿ ತಾಮ್ರದ ಹುಡಿ ಬೆರೆಸಿರುತ್ತಾರೆ. ಬೆಳಕಿಗೆ ಹಿಡಿದರೆ ಕೆಂಪು ಛಾಯೆ ಕಾಣುತ್ತದೆ. ಕಾರು, ಜೀಪುಗಳ ಸೆಲ್ಫ್ ಸ್ಟಾರ್ಟರ್ ಮೋಟಾರು 12 ವೋಲ್ಟಿನದ್ದೇ ಆದ್ದರಿಂದ ಅದರ ಹಳೆ ಕಾರ್ಬನ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆಟೋ ಇಲೆಕ್ಟ್ರಿಶಿಯನ್ ಅಂಗಡಿಯ ಕಸದ ಡಬ್ಬಿಯಲ್ಲಿ ಬಿದ್ದಿರುವ ಒಂದು ಸವೆದ ತುಂಡಿನಿಂದ ಹತ್ತು ಎಂಜಿನಿಗಾಗುವಷ್ಟು ಕಾರ್ಬನ್ ಕೊಯ್ಯಬಹುದು.

ಟಾರ್ಚಿನ ಹಳೆ ಸೆಲ್ಲಿನ ನಡುವಿನ ಕಪ್ಪು ಕಡ್ಡಿ, ಪೆನ್ಸಿಲಿನ ಸೀಸದ ಕಡ್ಡಿ ಇವನ್ನು ಪ್ರಯೋಗಿಸಿ ನೋಡಿದವರೂ ಇದ್ದಾರೆ. ಸೆಲ್ಲಿನ ಕಡ್ಡಿ ಗಡಸು, ತಾಮ್ರವನ್ನೇ ತಿನ್ನುತ್ತದೆ. ಪೆನ್ಸಿಲಿನದ್ದರಲ್ಲಿ ಗ್ರಾಫೈಟಿನ ಜೊತೆ ಜೇಡಿಮಣ್ಣು ಬೆರೆತಿರುವುದರಿಂದ ಕರೆಂಟು ಸರಾಗವಾಗಿ ಹರಿಯದು, ಬೇಗ ಪುಡಿಯೂ ಆಗುತ್ತದೆ. ಮೋಟಾರು ಬದುಕಿದೆಯೇ ಎಂದು ತಿಳಿಯಲು ಐದು ನಿಮಿಷ ಹಾಕಿ ನೋಡಬಹುದು, ಅಷ್ಟೇ.

ಹೊಸ ಕಾರ್ಬನ್ನಿನ ತುದಿ ಕಮ್ಯುಟೇಟರಿನ ದುಂಡಿಗೆ ಹೊಂದುವಂತೆ ಸ್ವಲ್ಪ ಒಳಬಾಗಿರಬೇಕು. ಚಪ್ಪಟೆಯಾಗಿದ್ದರೆ ಒಂದು ಗೆರೆಯಲ್ಲಿ ಮಾತ್ರ ತಾಗಿ ಕಿಡಿ ಕಾರುತ್ತದೆ. ಉಪಾಯವೆಂದರೆ, ಅತಿ ನುಣುಪಿನ ಸ್ಯಾಂಡ್ ಪೇಪರಿನ ಪಟ್ಟಿಯನ್ನು ಉಜ್ಜುವ ಮುಖ ಹೊರಗೆ ಬರುವಂತೆ ಕಮ್ಯುಟೇಟರಿಗೆ ಸುತ್ತಿ, ಕಾರ್ಬನ್ನನ್ನು ಅದರ ಮೇಲೆ ಒತ್ತಿ ಹಿಡಿದು ಆರ್ಮೇಚರನ್ನು ಕೈಯಲ್ಲೇ ಅತ್ತಿತ್ತ ತಿರುಗಿಸುವುದು. ಬಳಿಕ ಹುಡಿಯನ್ನೆಲ್ಲ ಊದಿ, ಮತ್ತೊಮ್ಮೆ ಸ್ಪಿರಿಟ್ಟಿನಿಂದ ಒರೆಸಬೇಕು.

ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ಕು

ಎಕ್ಸ್ 04ರ ಎರಡೂ ಕಾರ್ಬನ್ನುಗಳನ್ನು ಒತ್ತಿ ಹಿಡಿಯುವುದು ತಲೆಗೆ ಹಾಕುವ ಪಿನ್ನಿನಂತಿರುವ ಒಂದೇ ಸ್ಪ್ರಿಂಗು. ಅದಕ್ಕೆ ಎರಡು ಕಾಲು. ಒಂದು ಕಾಲಿಗೆ ಮಾತ್ರ ಚಿಕ್ಕದೊಂದು ಪ್ಲಾಸ್ಟಿಕ್ ಸ್ಲೀವ್ ತೊಡಿಸಿರುತ್ತಾರೆ. ಯಾಕೆ ಒಂದಕ್ಕೆ ಮಾತ್ರ? ಈ ಮೋಟಾರಿನಲ್ಲಿ ಒಂದು ಕಾರ್ಬನ್ನು ಎಂಜಿನಿನ ಲೋಹದ ಚೌಕಟ್ಟಿಗೇ ಸೇರಿರುತ್ತದೆ, ಇನ್ನೊಂದಕ್ಕೆ ಬೇರೆ ತಂತಿಯಿಂದ ಕರೆಂಟು ಬರುತ್ತದೆ. ಸ್ಪ್ರಿಂಗು ಎರಡನ್ನೂ ಮುಟ್ಟುತ್ತದೆ. ಸ್ಲೀವ್ ಇಲ್ಲದಿದ್ದರೆ ಕರೆಂಟು ಆರ್ಮೇಚರಿಗೆ ಹೋಗದೆ ಸ್ಪ್ರಿಂಗಿನ ಮೂಲಕವೇ ಆಚೆ ದಾಟಿ ಶಾರ್ಟ್ ಆಗುತ್ತದೆ.

ಐವತ್ತು ಅರವತ್ತು ವರ್ಷದಲ್ಲಿ ಈ ಸ್ಲೀವ್ ಒಣಗಿ ಉದುರುತ್ತದೆ. ಬಿಚ್ಚಿದಾಗ ಕೆಳಗೆ ಬಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಮೇಲೆ ಎಲ್ಲ ಭಾಗವನ್ನೂ ಸರಿಯಾಗಿ ಜೋಡಿಸಿದರೂ ಎಂಜಿನು ಓಡುವುದಿಲ್ಲ, ಕಂಟ್ರೋಲರಿನ ಕಟ್‌ಔಟ್ ಬೀಳುತ್ತದೆ. ವೈಂಡಿಂಗ್ ಸುಟ್ಟಿದೆ ಎಂದುಕೊಂಡು ಆರ್ಮೇಚರನ್ನೇ ಬಿಸಾಡಿದವರುಂಟು. ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಸಣ್ಣ ವಯರಿನ ತುದಿಯಿಂದ ತಾಮ್ರದ ಎಳೆಗಳನ್ನು ಎಳೆದು ತೆಗೆದರೆ ಉಳಿಯುವ ಟೊಳ್ಳು ಪ್ಲಾಸ್ಟಿಕ್ ಕೊಳವೆಯನ್ನು ಅಕ್ಕಿಕಾಳಿನುದ್ದ ಕತ್ತರಿಸಿ ಆ ಕಾಲಿಗೆ ತೊಡಿಸಿದರಾಯಿತು.

ಸ್ಪ್ರಿಂಗೇ ಬಲಗುಂದಿದ್ದರೆ ಗಿಟಾರಿನ ತೆಳು ಉಕ್ಕಿನ ತಂತಿಯನ್ನು ಬಾಗಿಸಿ ಹೊಸದು ಮಾಡಿಕೊಳ್ಳುತ್ತಾರೆ. 1970ರ ದಶಕದಲ್ಲಿ ಹಾರ್ನ್‌ಬಿಯವರು ವ್ಯಾಪಕವಾಗಿ ಬಳಸಿದ 'ರಿಂಗ್‌ಫೀಲ್ಡ್' ಎಂಬ ಚಪ್ಪಟೆ ಮೋಟಾರಿನಲ್ಲಿ ಮಾತ್ರ ಕ್ರಮ ಬೇರೆ. ಅದರಲ್ಲಿ ಕಮ್ಯುಟೇಟರ್ ಬಿಲ್ಲೆಯಂತೆ ಚಪ್ಪಟೆ. ಕಾರ್ಬನ್ನುಗಳು ಪುಟ್ಟ ಕೊಳವೆಗಳೊಳಗೆ ಕುಳಿತು, ಹಿಂದಿನ ಸುರುಳಿ ಸ್ಪ್ರಿಂಗಿನ ಒತ್ತಡದಿಂದ ಬಿಲ್ಲೆಗೆ ತಾಗುತ್ತವೆ. ಇಲ್ಲಿ ಬಾಲ್‌ಪೆನ್ನಿನ ಸ್ಪ್ರಿಂಗು ನೆರವಿಗೆ ಬರುತ್ತದೆ, ಕೊಳವೆಯೊಳಗೆ ಹಿಡಿಸುವಷ್ಟು ತೆಳ್ಳಗಿರುವುದನ್ನು ಹುಡುಕಿಕೊಳ್ಳಬೇಕು. ಕತ್ತರಿಸುವಾಗ ಒಂದು ಮಾತು ನೆನಪಿರಲಿ: ಸ್ಪ್ರಿಂಗನ್ನು ಗಿಡ್ಡ ಮಾಡಿದರೆ ಅದು ಮೆದುವಾಗುವುದಿಲ್ಲ, ಗಡುಸಾಗುತ್ತದೆ. ಅರ್ಧಕ್ಕೆ ಕತ್ತರಿಸಿದ ಸ್ಪ್ರಿಂಗನ್ನು ಅದೇ ಒಂದು ಮಿಲಿಮೀಟರ್ ಒತ್ತಲು ಎರಡರಷ್ಟು ಬಲ ಬೇಕು. ಒತ್ತಡ ಜಾಸ್ತಿಯಾದರೆ ತಾಮ್ರ ಸವೆಯುತ್ತದೆ, ಕಡಿಮೆಯಾದರೆ ಕಿಡಿ. ಕಾರ್ಬನ್ ತಾಗುತ್ತಲೇ ಇರಬೇಕು, ಆದರೆ ಆರ್ಮೇಚರನ್ನು ಬೆರಳಲ್ಲಿ ತಿರುಗಿಸಿದರೆ ಹಗುರವಾಗಿ ತಿರುಗಬೇಕು.

ಮ್ಯಾಗ್ನೆಟ್ ಮುಟ್ಟುವ ಮುನ್ನ ಯೋಚಿಸಿ

ಇಲ್ಲಿಯವರೆಗಿನ ತಪ್ಪುಗಳನ್ನೆಲ್ಲ ತಿದ್ದಿಕೊಳ್ಳಬಹುದು. ಕಾರ್ಬನ್ ಸರಿಯಾಗದಿದ್ದರೆ ಇನ್ನೊಂದು, ಸ್ಪ್ರಿಂಗು ಸರಿಯಾಗದಿದ್ದರೆ ಮತ್ತೊಂದು. ಮ್ಯಾಗ್ನೆಟ್ಟಿನ ವಿಷಯ ಹಾಗಲ್ಲ.

ಎಕ್ಸ್ 04ರ ಮ್ಯಾಗ್ನೆಟ್ಟು ಆಲ್ನಿಕೋ ಎಂಬ ಮಿಶ್ರಲೋಹದ್ದು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಆದ ಹೆಸರು. ಇದರ ಗುಣ ವಿಚಿತ್ರ. ಕಬ್ಬಿಣದ ಚೌಕಟ್ಟಿನೊಳಗೆ ಕುಳಿತಿರುವಷ್ಟು ಕಾಲ ಬಲವಾಗಿರುತ್ತದೆ. ಅದರ ಉತ್ತರ ತುದಿಯಿಂದ ಹೊರಟ ಕಾಂತಬಲ ಕಬ್ಬಿಣ, ಆರ್ಮೇಚರ್ ದಾಟಿ ದಕ್ಷಿಣ ತುದಿಗೆ ಸುಲಭವಾಗಿ ಮರಳುತ್ತದೆ. ಸ್ಕ್ರೂ ಬಿಚ್ಚಿ ಮ್ಯಾಗ್ನೆಟ್ಟನ್ನು ಹೊರಗೆಳೆದರೆ ಆ ದಾರಿ ಕಡಿದುಹೋಗುತ್ತದೆ. ಆಗ ಅದು ತನ್ನ ಬಲವನ್ನು ತಾನೇ ಎದುರಿಸಿ ದುರ್ಬಲವಾಗುತ್ತದೆ. ಮರಳಿ ಜೋಡಿಸಿದರೂ ಹಿಂದಿನ ಬಲ ಬರುವುದಿಲ್ಲ. ಆದ್ದರಿಂದ ಅನುಭವಿಗಳು ಮೊದಲು ಕಬ್ಬಿಣದ ಪಟ್ಟಿಯೊಂದನ್ನು ಮ್ಯಾಗ್ನೆಟ್ಟಿನ ಎರಡೂ ತುದಿಗಳಿಗೆ ಸೇತುವೆಯಂತೆ ಅಂಟಿಸಿ, ಅದು ಅಂಟಿಕೊಂಡಿರುವಂತೆಯೇ ಮ್ಯಾಗ್ನೆಟ್ಟನ್ನು ಜಾರಿಸಿ ತೆಗೆಯುತ್ತಾರೆ. ಅದಕ್ಕಿಂತ ಮೇಲಿನವರು ಮ್ಯಾಗ್ನೆಟ್ಟನ್ನು ಮುಟ್ಟುವುದೇ ಇಲ್ಲ. ಬರೇ ಕೊಳೆ ತೆಗೆಯಲಿಕ್ಕೆಂದು ಮೋಟಾರನ್ನು ಪೂರ್ತಿ ಬಿಚ್ಚಿಹಾಕುವ ಉತ್ಸಾಹಿಗಳ ಕೈಯಲ್ಲೇ ಹೆಚ್ಚು ಎಂಜಿನುಗಳು ಶಕ್ತಿ ಕಳೆದುಕೊಂಡಿರುವುದು.

ಮ್ಯಾಗ್ನೆಟ್ ದುರ್ಬಲವಾದ ಮೋಟಾರನ್ನು ಗುರುತಿಸುವುದು ಹೇಗೆ? ಉತ್ತರ ಕೇಳಿದರೆ ನಂಬುವುದು ಕಷ್ಟ. ಹೊರೆಯಿಲ್ಲದಿದ್ದಾಗ ಅದು ಮೊದಲಿಗಿಂತ ಜೋರಾಗಿ ತಿರುಗುತ್ತದೆ! ಸೈಕಲ್ಲಿನ ಡೈನಮೋ ನೆನಪಿದ್ದವರಿಗೆ ಇದು ಅರ್ಥವಾಗುತ್ತದೆ. ಮ್ಯಾಗ್ನೆಟ್ಟಿನ ನಡುವೆ ಸುರುಳಿ ತಿರುಗಿದರೆ ಕರೆಂಟು ಹುಟ್ಟುತ್ತದೆ. ಮೋಟಾರಿನಲ್ಲೂ ಮ್ಯಾಗ್ನೆಟ್ಟಿನ ನಡುವೆ ಸುರುಳಿಯೇ ತಿರುಗುತ್ತಿರುವುದು. ಹೀಗಾಗಿ ಅಲ್ಲೂ ವೋಲ್ಟೇಜು ಹುಟ್ಟಿ, ಹೊರಗಿನಿಂದ ಬರುವ 12 ವೋಲ್ಟನ್ನು ಎದುರಿಸುತ್ತದೆ. ಈ ಎದುರು ವೋಲ್ಟೇಜು ಹೊರಗಿನದ್ದಕ್ಕೆ ಸಮೀಪ ಬರುವವರೆಗೆ ವೇಗ ಏರುತ್ತಲೇ ಇರುತ್ತದೆ. ಮ್ಯಾಗ್ನೆಟ್ ಬಲವಾಗಿದ್ದರೆ ಕಡಿಮೆ ವೇಗದಲ್ಲೇ ಆ ಹಂತ ಮುಟ್ಟುತ್ತದೆ, ದುರ್ಬಲವಾದರೆ ಬಹಳ ವೇಗ ಬೇಕು. ಆದ್ದರಿಂದ ಅಂಥ ಎಂಜಿನು ಮೇಜಿನ ಮೇಲೆ ಎತ್ತಿ ಹಿಡಿದರೆ ಕಿರುಚುತ್ತಾ ತಿರುಗುತ್ತದೆ, ಹೆಚ್ಚು ಕರೆಂಟು ಕುಡಿಯುತ್ತದೆ, ಬೇಗ ಬಿಸಿಯಾಗುತ್ತದೆ. ನಾಲ್ಕು ಬೋಗಿ ಕಟ್ಟಿದರೆ ಹಳಿಯ ಮೇಲೆ ಕುಳಿತುಬಿಡುತ್ತದೆ.

ಇದಕ್ಕೆ ಎರಡು ಮದ್ದು. ಬ್ರಿಟನ್ನಿನಲ್ಲಾದರೆ ಮ್ಯಾಗ್ನೆಟ್ಟಿಗೆ ಕ್ಷಣಮಾತ್ರ ಭಾರೀ ಕರೆಂಟಿನ ಕಾಂತಬಲ ಹಾಯಿಸಿ ಮತ್ತೆ ಬಲ ತುಂಬಿಕೊಡುವವರಿದ್ದಾರೆ. ಇಲ್ಲವಾದರೆ ನಿಯೋಡಿಮಿಯಂ ಮ್ಯಾಗ್ನೆಟ್ಟು. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲೂ ಅಮೆರಿಕದಲ್ಲೂ ಬೇರೆ ಬೇರೆಯಾಗಿ ಕಂಡುಹಿಡಿದದ್ದು ಇದು. ಆಲ್ನಿಕೋಗಿಂತ ಎಷ್ಟೋ ಬಲ, ಹೊರಗೆ ತೆಗೆದಿಟ್ಟರೂ ಬಲ ಕುಂದದು. ಹಳೆ ಮ್ಯಾಗ್ನೆಟ್ಟಿನ ಜಾಗದಲ್ಲಿ ಇದರ ಸಣ್ಣ ತುಂಡುಗಳನ್ನು ಇಟ್ಟು, ಉಳಿದ ಖಾಲಿ ಜಾಗಕ್ಕೆ ಕಬ್ಬಿಣದ ಚೂರು ತುಂಬಿಸಿದರೆ ಮೋಟಾರು ನಿಧಾನವಾಗಿಯೂ ಗಟ್ಟಿಯಾಗಿಯೂ ಓಡುತ್ತದೆ.

ಕಂಪ್ಯೂಟರ್ ಅಂಗಡಿಯ ಗುಜರಿಯಲ್ಲಿ ಸಿಗುವ ಹಳೆ ಹಾರ್ಡ್‌ಡಿಸ್ಕಿನೊಳಗೆ ಬಲವಾದ ನಿಯೋಡಿಮಿಯಂ ಮ್ಯಾಗ್ನೆಟ್ಟು ಇರುವುದು ಹುಡುಗರಿಗೆಲ್ಲ ಗೊತ್ತು. ಆದರೆ ಅದು ಇಲ್ಲಿ ಕೆಲಸಕ್ಕೆ ಬಾರದು. ಅದರ ಒಂದೇ ಮುಖದಲ್ಲಿ ಉತ್ತರ ದಕ್ಷಿಣ ಎರಡೂ ಅಕ್ಕಪಕ್ಕ ಇರುತ್ತವೆ. ಮೋಟಾರಿಗೆ ಬೇಕಾದದ್ದು ಒಂದು ಮುಖ ಪೂರ್ತಿ ಉತ್ತರ, ಎದುರು ಮುಖ ಪೂರ್ತಿ ದಕ್ಷಿಣ ಇರುವಂಥದ್ದು. ಹಾಳಾದ ಇಯರ್‌ಫೋನಿನೊಳಗಿನ ಪುಟ್ಟ ಬಿಲ್ಲೆಗಳು ಆ ರೀತಿಯವು. ಅವನ್ನು ಸಾಲಾಗಿ ಒಂದೇ ದಿಕ್ಕಿಗೆ ಕೂರಿಸಬೇಕು. ಒಟ್ಟಾರೆ ದಿಕ್ಕು ತಲೆಕೆಳಗಾದರೆ ಹೆದರಬೇಕಿಲ್ಲ, ಎಂಜಿನು ಮುಂದಕ್ಕೆ ಹೋಗೆಂದರೆ ಹಿಂದಕ್ಕೆ ಹೋಗುತ್ತದೆ, ಅಷ್ಟೇ. ಮ್ಯಾಗ್ನೆಟ್ ತಿರುಗಿಸಿಟ್ಟರೆ ಸರಿ.

ವೈಂಡಿಂಗ್ ಸುಟ್ಟಿದೆಯೇ?

ಆರ್ಮೇಚರಿನಲ್ಲಿ ಮೂರು ಸುರುಳಿ. ಕಮ್ಯುಟೇಟರಿನ ಮೂರು ತುಣುಕುಗಳ ನಡುವೆ ಅವು ತ್ರಿಕೋನದಂತೆ ಜೋಡಣೆಯಾಗಿವೆ. ಮಲ್ಟಿಮೀಟರಿನಲ್ಲಿ ಎರಡೆರಡು ತುಣುಕುಗಳ ನಡುವೆ ಅಳೆದರೆ ಮೂರು ಅಳತೆ ಸಿಗುತ್ತದೆ. ಮೂರೂ ಒಂದೇ ಇದ್ದರೆ ಸಾಮಾನ್ಯವಾಗಿ ವೈಂಡಿಂಗ್ ಸರಿಯಿದೆ. ಒಂದೊಂದು ಸುರುಳಿ 15 ಓಮ್‌ನದ್ದು ಎಂದಿಟ್ಟುಕೊಂಡರೆ, ಪಕ್ಕದ ಎರಡು ಸುರುಳಿಗಳ ದಾರಿಯೂ ಸೇರುವುದರಿಂದ, ಮೀಟರು ಮೂರು ಕಡೆಯೂ 10 ತೋರಿಸುತ್ತದೆ. ಒಂದು ಸುರುಳಿ ಕಡಿದಿದ್ದರೆ ಎರಡು ಕಡೆ 15, ಒಂದು ಕಡೆ 30 ಬರುತ್ತದೆ. ಒಂದು ಅಳತೆ ಇನ್ನೆರಡರ ಇಮ್ಮಡಿ ಕಂಡರೆ ತಂತಿ ಕಡಿದಿದೆ ಎಂದು ಖಾತ್ರಿ. ಹಾಗೆಂದು ಕೂಡಲೇ ಬಿಚ್ಚಬಾರದು. ಕಡಿದಿರುವುದು ಬಹುತೇಕ ಕಮ್ಯುಟೇಟರಿಗೆ ಬೆಸುಗೆ ಹಾಕಿದ ತುದಿಯಲ್ಲಿ. ವಾರ್ನಿಷ್ ಕೆರೆದು ಮತ್ತೊಮ್ಮೆ ಸೋಲ್ಡರ್ ಇಟ್ಟರೆ ಸಾಕಾಗಬಹುದು.

ನಿಜಕ್ಕೂ ಸುಟ್ಟಿದ್ದರೆ ತೋಟದ ಪಂಪಿನ ಮೋಟಾರು ಕಟ್ಟುವವರ ಕ್ರಮವೇ ಇಲ್ಲಿಯೂ. ಹಳೆ ತಂತಿ ಬಿಚ್ಚುವಾಗ ಸುತ್ತುಗಳನ್ನು ಎಣಿಸಿ ಬರೆದಿಡಬೇಕು, ಸುತ್ತಿದ ದಿಕ್ಕು ನೋಡಿಕೊಳ್ಳಬೇಕು, ತಂತಿಯ ದಪ್ಪ ಅಳೆಯಬೇಕು. ಹೊಸ ತಂತಿಯೂ ಅದೇ ದಪ್ಪದ್ದು, ಮೂರು ಸುರುಳಿಗೂ ಸರಿಸಮ ಸುತ್ತು. ಹಳೆ ರಿಲೇ, ಸಣ್ಣ ಟ್ರಾನ್ಸ್‌ಫಾರ್ಮರುಗಳಲ್ಲಿ ಕೂದಲೆಳೆಯಂಥ ತಂತಿ ಸಿಗುತ್ತದೆ. ಕೆಲಸ ಕಷ್ಟದ್ದಲ್ಲ, ಕಣ್ಣಿನದ್ದು.

ಸಿಡಿ ಪ್ಲೇಯರಿನ ಮೋಟಾರು

ಎಲ್ಲ ದಾರಿಯೂ ಮುಚ್ಚಿದರೆ ಕೊನೆಯದೊಂದು ಉಳಿದಿದೆ. ಸಿಡಿ, ಡಿವಿಡಿ ಪ್ಲೇಯರಿನಲ್ಲಿ ತಟ್ಟೆಯನ್ನು ಹೊರಗೆ ಒಳಗೆ ಮಾಡುವ ಚಪ್ಪಟೆ ಮೋಟಾರನ್ನು ತೆಗೆದು, ಹಾಳಾದ ರಿಂಗ್‌ಫೀಲ್ಡಿನ ಜಾಗದಲ್ಲಿ ಕೂರಿಸುವುದು ಬ್ರಿಟನ್ನಿನ ಹವ್ಯಾಸಿಗಳಲ್ಲಿ ಬಹಳ ಚಾಲ್ತಿಗೆ ಬಂದ ಉಪಾಯ. ಹಲ್ಲುಚಕ್ರ ಹೊಂದಿಸಿ, ಅರಾಲ್ಡೈಟ್ ಹಾಕಿ ಅಂಟಿಸಿದರೆ ಹಳೆಯದ್ದಕ್ಕಿಂತ ಮೆಲ್ಲಗೆ, ಸದ್ದಿಲ್ಲದೆ ಓಡುತ್ತದೆ. ತೊಡಕೆಂದರೆ ಇದು 5ರಿಂದ 6 ವೋಲ್ಟಿನ ಮೋಟಾರು. 12 ವೋಲ್ಟ್ ಪೂರ್ತಿ ಕೊಟ್ಟರೆ ಹಾರಿಹೋಗುತ್ತದೆ. ನಡುವೆ ರೆಸಿಸ್ಟರ್ ಹಾಕುತ್ತಾರೆ. ಮೋಟಾರು 0.15 ಆಂಪಿಯರ್ ತೆಗೆದುಕೊಳ್ಳುವಾಗ 5 ವೋಲ್ಟ್ ತಗ್ಗಿಸಲು 33 ಓಮ್ ಬೇಕು. ಅದರಲ್ಲಿ ಮುಕ್ಕಾಲು ವ್ಯಾಟ್ ಬಿಸಿ ಹುಟ್ಟುವುದರಿಂದ ಒಂದು ವ್ಯಾಟಿಗಿಂತ ಚಿಕ್ಕದು ಹಾಕಬಾರದು. ಆದರೆ ಹೊರಡುವಾಗ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಆಗ ರೆಸಿಸ್ಟರ್ ಇನ್ನೂ ಹೆಚ್ಚು ವೋಲ್ಟ್ ನುಂಗಿ ಎಂಜಿನು ತಡವರಿಸುತ್ತದೆ. ಅದಕ್ಕಿಂತ ಡಯೋಡುಗಳು ಮೇಲು. ಒಂದೊಂದು ಜೋಡಿಯನ್ನು ಎದುರುಬದುರಾಗಿ ಸೇರಿಸಿ ಏಳು ಜೋಡಿ ಸಾಲಾಗಿ ಹಾಕಿದರೆ, ಜೋಡಿಗೆ ಸುಮಾರು 0.7 ವೋಲ್ಟಿನಂತೆ, ಎಂಜಿನು ಮುಂದೆ ಹೋದರೂ ಹಿಂದೆ ಬಂದರೂ 5 ವೋಲ್ಟಿನ ಹತ್ತಿರ ಕಡಿಮೆಯಾಗುತ್ತದೆ. ಟಿವಿ ರಿಪೇರಿ ಅಂಗಡಿಯಲ್ಲಿ ಇವು ಚಿಲ್ಲರೆ ಕಾಸಿಗೆ ಸಿಗುತ್ತವೆ.

ಈ ಉಪಾಯಕ್ಕೆ ಮೂಗು ಮುರಿಯುವವರೂ ಇದ್ದಾರೆ. ಹಳೆ ಮೋಟಾರು ತೆಗೆದರೆ ಎಂಜಿನಿನ ಹಳೆ ಗುರುಗುರು ಸದ್ದೂ ಹೋಗುತ್ತದಲ್ಲ ಎಂಬುದು ಅವರ ವಾದ. ಅದನ್ನು ತಳ್ಳಿಹಾಕುವಂತಿಲ್ಲ. ಅಜ್ಜನ ಎಂಜಿನು ಎಂದು ಇಟ್ಟುಕೊಂಡವರಿಗೆ ಆ ಸದ್ದೇ ಮುಖ್ಯ. ಆದ್ದರಿಂದ ಜಾಣರು ಚೌಕಟ್ಟನ್ನು ಕೊಯ್ಯದೆ, ಬೇಕಾದಾಗ ಹಳೆಯದನ್ನು ಮರಳಿ ಕೂರಿಸಲು ಆಗುವಂತೆ ಹೊಸದನ್ನು ಜೋಡಿಸಿ, ಹಳೆ ಮೋಟಾರನ್ನು ಡಬ್ಬಿಯಲ್ಲಿ ಹಾಕಿ ಎತ್ತಿಡುತ್ತಾರೆ.

ಯಾವ ಉಪಾಯವೂ ನಡೆಯದ ಒಂದು ರೋಗವಿದೆ. ಆ ಕಾಲದ ಎಂಜಿನುಗಳ ಚೌಕಟ್ಟು ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ್ದು. ಎರಕದ ಹೊತ್ತಿಗೆ ಅದರಲ್ಲಿ ಸೀಸ ಸ್ವಲ್ಪ ಬೆರೆತಿದ್ದರೂ ವರ್ಷಗಳು ಕಳೆದಂತೆ ಒಳಗಿಂದೊಳಗೇ ಬಿರುಕು ಬಿಟ್ಟು, ಉಬ್ಬಿ, ಹಳೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಮೋಟಾರು ಬದುಕಿದ್ದರೂ ಅದನ್ನು ಹಿಡಿದಿಡುವ ದೇಹ ಇರುವುದಿಲ್ಲ. ಹಳೆ ಎಂಜಿನು ಕೊಳ್ಳುವವರು ಮೊದಲು ಚೌಕಟ್ಟಿನ ಬಿರುಕನ್ನೇ ನೋಡಬೇಕು.

ಎಲ್ಲ ಜೋಡಿಸಿಯಾದ ಮೇಲೆ ಎಣ್ಣೆ. ಹೊಲಿಗೆ ಯಂತ್ರದ ತೆಳು ಎಣ್ಣೆ, ಸೂಜಿಯ ತುದಿಯಲ್ಲಿ ನಿಲ್ಲುವ ಒಂದೊಂದೇ ಹನಿ, ಆರ್ಮೇಚರಿನ ಎರಡೂ ತುದಿಯ ಬೇರಿಂಗಿಗೆ ಮಾತ್ರ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಹಾಕುವುದು ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಹೋದಂತೆ ಅಂಟಾಗುತ್ತದೆ. ಕಮ್ಯುಟೇಟರಿಗೆ ಎಣ್ಣೆ ತಾಗಿದರೆ ಮತ್ತೆ ಸ್ಪಿರಿಟ್ಟಿನಿಂದ ಒರೆಸಲೇಬೇಕು. ಬಳಿಕ ಬೋಗಿ ಕಟ್ಟದೆ, ಅರ್ಧ ವೇಗದಲ್ಲಿ, ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಓಡಲು ಬಿಡಬೇಕು. ಹೊಸ ಕಾರ್ಬನ್ ತಾಮ್ರದ ದುಂಡಿಗೆ ಹೊಂದಿಕೊಳ್ಳುವುದು ಆಗಲೇ. ಮೊದಲು ಕಾಣುವ ಕಿಡಿಗಳು ಬರಬರುತ್ತಾ ಕಡಿಮೆಯಾಗಿ, ಕತ್ತಲೆ ಕೋಣೆಯಲ್ಲಿ ನೋಡಿದರೂ ತುದಿಯಲ್ಲಿ ಸಣ್ಣ ನೀಲಿ ಮಿಣುಕು ಮಾತ್ರ ಉಳಿದಾಗ ಬೋಗಿಗಳನ್ನು ಕಟ್ಟಬಹುದು.